ಹುಲಿ–ಕುರಿ ಆಟ: ಅದರ ಪಟವೂ ಪರಿಭಾಷೆಯೂ

೧. ಪ್ರಸ್ತಾವನೆ

ಸುರಪುರ ಸೀಮೆಯಲ್ಲಿ ಕೃಷ್ಣಾ ನದಿಯ ದಡದ ಮೇಲಿರುವ ತಿಂಥಣಿಯು ಮೌನೇಶ್ವರನ ಕ್ಷೇತ್ರವೆಂದು ನಾಡಿನಲ್ಲೆಲ್ಲ ಹೆಸರಾಗಿದೆ. ಭಾರತ ಹುಣ್ಣಿಮೆಯ ಸುಮಾರಿಗೆ ಅಲ್ಲಿ ನೆರೆಯುವ ಜಾತ್ರೆಗೆ ವಿಶ್ವಕರ್ಮರೂ ಇತರ ಹಿಂದುಗಳೂ ಮುಸಲ್ಮಾನರೂ ಸಮಾನವಾದ ಭಕ್ತಿಯಿಂದ ಬರುತ್ತಾರೆ. ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಈ ಪ್ರದೇಶವು ಹಿಂದೆ ಸುರಪುರದ ನಾಯಕರ ಆಳ್ವಿಕೆಗೂ, ತರುವಾಯ ೧೯೪೮ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೂ ಒಳಪಟ್ಟಿದ್ದು, ೧೯೫೬ರಲ್ಲಿ ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಕನ್ನಡವು ಮನೆಮಾತಾಗಿರುವ ಈ ನೆಲದಲ್ಲಿ ತೆಲುಗೂ ಉರ್ದುವೂ ಮರಾಠಿಯೂ ಜನರ ಕಿವಿಗೆ ಹೊಸವಲ್ಲ. ಒಂದೇ ವಸ್ತುವಿಗೆ ಎರಡು ಮೂರು ನುಡಿಗಳ ಹೆಸರುಗಳು ಅಕ್ಕಪಕ್ಕದಲ್ಲಿಯೇ ಬಾಳುವುದು ಇಂಥ ಸೀಮೆಗಳ ಲಕ್ಷಣ.

ಇಂಥ ಕ್ಷೇತ್ರಗಳ ಕಟ್ಟೆಗಳ ಮೇಲೂ, ಹಳ್ಳಿಯ ಅರಳಿಮರದ ನೆರಳಿನಲ್ಲಿಯೂ, ದನ ಕುರಿ ಕಾಯುವವರು ಕುಳಿತುಕೊಳ್ಳುವ ಬಂಡೆಗಳ ಮೇಲೂ ಕನ್ನಡ ನಾಡಿನ ಜನ ಬಹುಕಾಲದಿಂದ ಆಡುತ್ತ ಬಂದ ವಿನೋದಗಳಲ್ಲಿ ಹುಲಿ–ಕುರಿ ಆಟವು ಒಂದು. ಇದು ಇಬ್ಬರು ಎದುರುಬದುರಾಗಿ ಕುಳಿತು ಆಡತಕ್ಕ ಆಟ. ಇದರಲ್ಲಿ ದಾಳವಿಲ್ಲ, ಕವಡೆಯಿಲ್ಲ. ನೆಲದ ಮೇಲೆ ಇದ್ದಿಲಿನಿಂದಲೋ ಸುಣ್ಣದಿಂದಲೋ ಹತ್ತು ಗೆರೆಗಳನ್ನೆಳೆದು, ಹದಿನೆಂಟು ಹರಳುಗಳನ್ನು ಆಯ್ದು ತಂದರೆ ಸಾಮಗ್ರಿಯೆಲ್ಲ ಸಿದ್ಧವಾದಂತೆ. ಐದು ನಿಮಿಷಗಳಲ್ಲಿ ನಿಯಮಗಳನ್ನು ಕಲಿಯಬಹುದು. ಚೆನ್ನಾಗಿ ಆಡುವುದನ್ನು ಕಲಿಯಲು ವರುಷಗಳು ಬೇಕು.

ಈ ಆಟದ ವಿಷಯದಲ್ಲಿ ವಿದ್ವಾಂಸರು ಗಮನಿಸತಕ್ಕ ಸಂಗತಿ ಒಂದುಂಟು. ದಾಳದ ಆಟಕ್ಕೆ ಕಾವ್ಯವೂ ಧರ್ಮಶಾಸ್ತ್ರವೂ ಹೇರಳವಾಗಿ ಸಾಕ್ಷಿ ನುಡಿಯುತ್ತವೆ. ಬುದ್ಧಿಯೊಂದನ್ನೇ ನೆಚ್ಚಿಕೊಂಡ ಹುಲಿ–ಕುರಿಗಾದರೋ ಬಹುಮಟ್ಟಿಗೆ ಎರಡೇ ಸಾಕ್ಷಿಗಳು: ಒಂದು ಕಲ್ಲಿನ ಮೇಲಣ ಗೆರೆ, ಇನ್ನೊಂದು ಜನರ ಬಾಯಿಮಾತು. ಈ ಎರಡನ್ನೂ ಓದುವುದಕ್ಕೆ ಬೇರೆ ಬೇರೆ ಕ್ರಮಗಳುಂಟು. ಎರಡೂ ಅಳಿಯುವ ಸ್ಥಿತಿಯಲ್ಲಿವೆ. ಆದುದರಿಂದ ಆಟದ ರಚನೆಯನ್ನು ಮೊದಲು ವಿವರಿಸಿ, ಅದರಲ್ಲಿ ಅಡಗಿರುವ ಯುಕ್ತಿಯನ್ನು ಲೆಕ್ಕಕ್ಕೆ ತಂದು, ಅನಂತರ ಈ ಸಾಕ್ಷಿಗಳ ಬೆಲೆಯನ್ನು ಕಟ್ಟುವುದು ಪ್ರಕೃತ ಲೇಖನದ ಉದ್ದೇಶ.

೨. ಪಟ ಮತ್ತು ನಿಯಮ

ಆಟದ ಚಿತ್ರಕ್ಕೆ ಪಟವೆಂದೂ, ಕಾಯಿ ನಿಲ್ಲುವ ಸ್ಥಾನಕ್ಕೆ ಮನೆಯೆಂದೂ, ಒಂದು ಸಲದ ಚಲನೆಗೆ ನಡೆಯೆಂದೂ ಹೆಸರಿಟ್ಟುಕೊಳ್ಳಬಹುದು. ಹುಲಿ–ಕುರಿಗೆ ನಾನಾ ಬಗೆಯ ಪಟಗಳುಂಟು. ಅವುಗಳಲ್ಲಿ ದಕ್ಷಿಣ ಭಾರತದಲ್ಲೆಲ್ಲ ಹೆಚ್ಚಾಗಿ ಕಂಡುಬರುವುದು ೨೩ ಮನೆಗಳ ಪಟ. ಅದನ್ನು ಬರೆಯುವ ಕ್ರಮ ಹೀಗಿದೆ.

ಮೇಲೆ ಒಂದು ತುದಿಯನ್ನು ಗುರುತಿಸಿ, ಅಲ್ಲಿಂದ ಗೋಪುರದ ಆಕಾರದಲ್ಲಿ ನಾಲ್ಕು ಗೆರೆಗಳನ್ನು ಕೆಳಕ್ಕೆ ಇಳಿಬಿಡಬೇಕು. ಈ ನಾಲ್ಕರ ಕೆಳಗಣ ಕೊನೆಗಳನ್ನು ಒಂದು ಬುಡದ ಗೆರೆಯಿಂದ ಕೂಡಿಸಬೇಕು. ತುದಿಗೂ ಬುಡಕ್ಕೂ ನಡುವೆ ಮೂರು ಅಡ್ಡಗೆರೆಗಳನ್ನು, ಗೋಪುರದ ಎರಡು ಮಗ್ಗುಲುಗಳಿಂದಲೂ ಹೊರಚಾಚುವಂತೆ, ಎಳೆಯಬೇಕು. ಹೊರಚಾಚಿದ ಕೊನೆಗಳನ್ನು ಎಡದಲ್ಲೊಂದು, ಬಲದಲ್ಲೊಂದು ನಿಲುಗೆರೆಯಿಂದ ಸೇರಿಸಿದರೆ ಪಟ ಮುಗಿಯಿತು. ಗೆರೆಗಳು ಕೂಡುವ ಎಡೆಗಳೇ ಮನೆಗಳು: ತುದಿಯಲ್ಲಿ ೧, ಒಂದೊಂದು ಅಡ್ಡಗೆರೆಯ ಮೇಲೆ ೬ರಂತೆ ೧೮, ಬುಡದಲ್ಲಿ ೪, ಒಟ್ಟು ೨೩.

ಒಬ್ಬನಿಗೆ ಮೂರು ಹುಲಿಗಳು, ಇನ್ನೊಬ್ಬನಿಗೆ ಹದಿನೈದು ಕುರಿಗಳು. ಹುಲಿಗೆ ದೊಡ್ಡ ಹರಳನ್ನೋ ಬೇರೆ ಬಣ್ಣದ ಚೂರನ್ನೋ, ಕುರಿಗೆ ಹುಣಸೆ ಬೀಜವನ್ನೋ ಸಣ್ಣ ಹರಳನ್ನೋ ಬಳಸುವುದು ವಾಡಿಕೆ. ಹುಲಿಗಳನ್ನು ಮೊದಲು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಊರೂರಿಗೆ ಭೇದವಿದೆ. ಒಂದನ್ನು ತುದಿಯಲ್ಲಿಡುವುದು ಸಾಮಾನ್ಯ. ಕುರಿಯವನು ಒಂದು ಸರದಿಗೆ ಒಂದರಂತೆ ಬರಿದಾದ ಮನೆಯಲ್ಲಿ ಕುರಿಗಳನ್ನು ಇಡುತ್ತ ಹೋಗುತ್ತಾನೆ. ಹದಿನೈದೂ ಪಟವನ್ನೇರುವವರೆಗೆ ಇಟ್ಟ ಕುರಿಯನ್ನು ಕದಲಿಸುವಂತಿಲ್ಲ. ಹುಲಿಯಾದರೋ ಮೊದಲಿನಿಂದಲೂ ಸ್ವತಂತ್ರ. ಅದು ಗೆರೆಯ ಮೇಲೆ ಪಕ್ಕದ ಬರಿಯ ಮನೆಗೆ ಸರಿಯಬಹುದು. ಅಥವಾ ಪಕ್ಕದ ಮನೆಯಲ್ಲಿ ಕುರಿಯಿದ್ದು, ಅದೇ ನೇರಗೆರೆಯಲ್ಲಿ ಅದರ ಹಿಂದಣ ಮನೆ ಬರಿದಾಗಿದ್ದರೆ, ಕುರಿಯ ಮೇಲಿಂದ ಹಾರಿ ಅದನ್ನು ತಿನ್ನಬಹುದು. ಕುರಿಗೆ ಹಾರುವ ಅಧಿಕಾರವಿಲ್ಲ, ಕೊಲ್ಲುವ ಅಧಿಕಾರವಿಲ್ಲ. ಮೂರು ಹುಲಿಗಳೂ ಅಲುಗಾಡದಂತೆ ಕಟ್ಟುಬಿದ್ದರೆ ಕುರಿಯವನು ಗೆದ್ದನು; ಹುಲಿಗಳನ್ನು ಕಟ್ಟಲಾರದಷ್ಟು ಕುರಿಗಳು ಅಳಿದರೆ ಹುಲಿಯವನು ಗೆದ್ದನು.

ಈ ನಿಯಮಗಳ ವಿಶೇಷವು ಎರಡು ಪಕ್ಷಗಳ ಅಸಮಾನತೆಯಲ್ಲಿದೆ. ಚದುರಂಗದಲ್ಲಿ ಇಬ್ಬರಿಗೂ ಒಂದೇ ಬಗೆಯ ಸೈನ್ಯ, ಒಂದೇ ಬಗೆಯ ಗುರಿ. ಇಲ್ಲಿ ಒಬ್ಬನಿಗೆ ಬಲ, ಇನ್ನೊಬ್ಬನಿಗೆ ಸಂಖ್ಯೆ; ಒಬ್ಬನ ಗುರಿ ಕೊಲ್ಲುವುದು, ಇನ್ನೊಬ್ಬನ ಗುರಿ ಕಟ್ಟುವುದು. ಆಟಗಾರರು ಒಂದು ಆಟವಾದ ಬಳಿಕ ಪಕ್ಷವನ್ನು ಬದಲಾಯಿಸಿಕೊಂಡು ಆಡಿದಾಗಲೇ ಅವರ ತಾರತಮ್ಯವು ನಿರ್ಣಯವಾಗುವುದು.

೩. ಆಟದೊಳಗಣ ಯುಕ್ತಿ

ಪಟದ ಮನೆಗಳೆಲ್ಲ ಸಮಾನವಲ್ಲವೆಂಬ ತಿಳಿವೇ ಈ ಆಟದ ವಿದ್ಯೆಗೆ ಮೊದಲ ಮೆಟ್ಟಿಲು. ಹುಲಿಯು ಕುರಿಯನ್ನು ಹಾರಬೇಕಾದರೆ ಕುರಿ ನಿಂತ ಮನೆಯನ್ನು ಒಂದು ಗೆರೆ ದಾಟಿ ಹೋಗಿರಬೇಕು. ಯಾವ ಮನೆಯಲ್ಲಿ ಗೆರೆಗಳೆಲ್ಲವೂ ಕೊನೆಗಾಣುತ್ತವೆಯೋ ಅಲ್ಲಿ ನಿಂತ ಕುರಿಯನ್ನು ಯಾವ ಹುಲಿಯೂ ತಿನ್ನಲಾರದು. ಮೇಲೆ ವಿವರಿಸಿದ ಪಟದಲ್ಲಿ ಅಂಥ ಮನೆಗಳು ಏಳು: ತುದಿ, ಬುಡದ ಗೆರೆಯ ಎರಡು ಕೊನೆಗಳು, ನಿಲುಗೆರೆಗಳ ನಾಲ್ಕು ಕೊನೆಗಳು. ಉಳಿದ ಹದಿನಾರರಲ್ಲಿ ಕುರಿಯ ಕ್ಷೇಮವು ಅದರ ಹಿಂದೆ ಮತ್ತೊಂದು ಕಾಯಿ ನಿಂತಿದೆಯೋ ಇಲ್ಲವೋ ಎಂಬುದನ್ನೇ ಅವಲಂಬಿಸಿದೆ. ಕುರಿಗಳು ಹದಿನೈದು, ತಾವಾಗಿಯೇ ಕ್ಷೇಮವಾದ ಮನೆಗಳು ಏಳು. ಅವೂ ಒಂದೆರಡು ಹುಲಿಯ ವಶದಲ್ಲಿರುವುದುಂಟು. ಆದುದರಿಂದ ಕುರಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದರ ಬೆನ್ನಿಗೊಂದು ನಿಂತೇ ಬದುಕಬೇಕು. ಬಿಡಿಯಾದ ಕುರಿ ಹುಲಿಯ ಪಾಲು ಎಂಬುದು ನೀತಿವಾಕ್ಯವಾಗುವುದಕ್ಕೆ ಮೊದಲು ಈ ಪಟದ ರೇಖಾಗಣಿತವಾಗಿದೆ.

ಇನ್ನು ಹುಲಿಯನ್ನು ಕಟ್ಟುವ ಲೆಕ್ಕ. ಹುಲಿ ಕದಲದಂತಾಗಬೇಕಾದರೆ ಅದರ ನೆರೆಮನೆಗಳೆಲ್ಲ ತುಂಬಿರಬೇಕು. ಹಾರಿ ಇಳಿಯಬಹುದಾದ ಮನೆಗಳೂ ತುಂಬಿರಬೇಕು. ಒಂಟಿಯಾದ ಹುಲಿಯು ತುದಿಯಲ್ಲಿದ್ದರೆ ನಾಲ್ಕು ನೆರೆಮನೆಗಳು, ಅವುಗಳ ಹಿಂದೆ ನಾಲ್ಕು: ಎಂಟು ಕುರಿಗಳು ಬೇಕು. ಪಟದ ನಡುಮಧ್ಯದಲ್ಲಿ ನಿಂತ ಹುಲಿಗೂ ಎಂಟೇ ಬೇಕು. ಬುಡದ ಗೆರೆಯ ಒಳಮನೆಯಲ್ಲಿದ್ದರೆ ಐದು ಸಾಕು. ಬುಡದ ಕೊನೆಯಲ್ಲಿಯೋ ನಿಲುಗೆರೆಯ ಮೇಲೆಯೋ ಸಿಕ್ಕಿದ ಹುಲಿಗೆ ನಾಲ್ಕೇ ಸಾಕು. ಇಲ್ಲಿ ಒಂದು ಸ್ವಾರಸ್ಯ ಕಾಣುತ್ತದೆ. ಕುರಿಗೆ ಎಲ್ಲಕ್ಕಿಂತ ಕ್ಷೇಮವಾದ ಏಳು ಮನೆಗಳಲ್ಲಿ ತುದಿಯೊಂದನ್ನು ಬಿಟ್ಟರೆ ಉಳಿದ ಆರೂ ಹುಲಿಗೆ ಎಲ್ಲಕ್ಕಿಂತ ಅಪಾಯವಾದವು. ಒಬ್ಬನ ಆಶ್ರಯವೇ ಇನ್ನೊಬ್ಬನ ಬೋನು. ತುದಿಯು ಮಾತ್ರ ಇಬ್ಬರಿಗೂ ಬೇಕಾದ ಮನೆ. ಹುಲಿಯೊಂದನ್ನು ಮೊದಲಿಗೆ ಅಲ್ಲಿ ನಿಲ್ಲಿಸುವ ಸಂಪ್ರದಾಯದ ಮರ್ಮವು ಇದರಿಂದ ತಿಳಿಯುತ್ತದೆ.

ಜಾಣನಾದ ಕುರಿಯವನು ಒಂದೇ ಕುರಿಯಿಂದ ಎರಡು ಕೆಲಸ ಮಾಡಿಸುತ್ತಾನೆ. ಎರಡು ಹುಲಿಗಳು ಬುಡದ ಗೆರೆಯ ಎರಡು ಕೊನೆಗಳಲ್ಲಿ ಸಿಕ್ಕಿವೆಯೆಂದು ಭಾವಿಸೋಣ. ಒಂದೊಂದಕ್ಕೆ ನಾಲ್ಕರಂತೆ ಎಂಟು ಕುರಿಗಳು ಬೇಕೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಬುಡದ ಗೆರೆಯ ನಡುವಿನ ಎರಡು ಕುರಿಗಳು ಎರಡು ಹುಲಿಗಳಿಗೂ ಏಕಕಾಲದಲ್ಲಿ ಅಡ್ಡವಾಗುವುದರಿಂದ ಆರೇ ಸಾಕು. ಮೂರನೆಯ ಹುಲಿಯು ಎಡ ನಿಲುಗೆರೆಯ ನಡುಮನೆಯಲ್ಲಿದ್ದರೆ, ಈ ಆರರಲ್ಲಿಯೇ ಒಂದು ಅದರ ಬಲಗಡೆಗೆ ಕಾವಲಾಗುತ್ತದೆ. ಇನ್ನು ಮೂರನ್ನು ಸೇರಿಸಿದರೆ ಅದೂ ಕಟ್ಟುಬೀಳುತ್ತದೆ. ಹೀಗೆ ಒಂಬತ್ತು ಕುರಿಗಳಿಂದ ಮೂರು ಹುಲಿಗಳನ್ನೂ ಕಟ್ಟಿಹಾಕಲು ಸಾಧ್ಯ. ಹದಿನೈದರಲ್ಲಿ ಆರು ಸತ್ತರೂ ಕುರಿಯವನ ಆಸೆ ಸಾಯಬೇಕಾಗಿಲ್ಲವೆಂದಾಯಿತು. ಎಷ್ಟು ಕುರಿಗಳನ್ನು ತಿಂದರೆ ಹುಲಿಗೆ ಜಯವೆಂಬುದು ಊರಿಂದೂರಿಗೆ ಬೇರೆಯಾಗಿರುವುದಕ್ಕೂ ಈ ಲೆಕ್ಕಕ್ಕೂ ಸಂಬಂಧವಿರಬಹುದು. ಅಂಥ ಸಂಖ್ಯೆಗಳನ್ನು ಸಂಗ್ರಹಿಸುವವರು ಅವು ಯಾವ ಪಟಕ್ಕೆ ಸೇರಿದವೆಂಬುದನ್ನು ಜೊತೆಯಲ್ಲಿಯೇ ಬರೆದಿಡಬೇಕು.

ಕುರಿಯ ಸಾವಿನಿಂದ ಆಗುವ ನಷ್ಟ ಒಂದಲ್ಲ, ಎರಡು. ಎಲ್ಲ ಕಾಯಿಗಳೂ ಪಟದ ಮೇಲಿದ್ದಾಗ ಹದಿನೆಂಟು ಮನೆಗಳು ತುಂಬಿ ಐದೇ ಬರಿದಾಗಿರುತ್ತವೆ. ಒಂದು ಕುರಿ ಅಳಿದರೆ ಕಾವಲುಗಾರನೊಬ್ಬನು ಹೋದನು. ಅಷ್ಟೇ ಅಲ್ಲದೆ ಹುಲಿಗೆ ಓಡಾಡಲು ಹೊಸ ಮನೆಯೊಂದು ಒದಗಿತು. ಸರದಿಯ ಕಟ್ಟಳೆಯೂ ಕಡಮೆಯದಲ್ಲ. ಕೈಯಲ್ಲಿ ಕುರಿಗಳಿರುವವರೆಗೆ ಕುರಿಯವನು ತನ್ನ ಸಾಲನ್ನು ಮುರಿಯದೆ ಹೊಸ ಕುರಿಯನ್ನಿಡುತ್ತ ಕಾಲ ತಳ್ಳಬಹುದು. ಹದಿನೈದೂ ಇಳಿದ ಮೇಲೆ ಪ್ರತಿ ಸರದಿಗೂ ಯಾವುದಾದರೊಂದನ್ನು ಕದಲಿಸಲೇಬೇಕು. ಕದಲಿದ ಕುರಿಯ ಹಿಂದೆ ಕಂಡಿ ಬೀಳುತ್ತದೆ. ಹುಲಿಯವನು ಕಾಯುವುದು ಆ ಗಳಿಗೆಯನ್ನೇ. ಅವಸರದಿಂದ ಕುರಿ ತಿನ್ನಲು ಮೂಲೆಗೆ ಹೋದ ಹುಲಿ ಬೋನಿಗೆ ಬೀಳುತ್ತದೆ. ನಡುವಿನಲ್ಲಿಯೇ ಉಳಿದು ಎರಡು ಕಡೆಗೂ ಬೆದರಿಕೆ ಹಾಕುವ ಹುಲಿ ಗೆಲ್ಲುತ್ತದೆ. ಒಂದು ಕುರಿಯನ್ನು ಬೇಕೆಂದೇ ಒಡ್ಡಿ ಹುಲಿಯನ್ನು ಮೂಲೆಗೆ ಸೆಳೆಯುವುದು ಬಲ್ಲವರ ಉಪಾಯ.

ಇಂಥ ಆಟಗಳ ಅಂತಿಮ ಫಲವೇನೆಂಬುದನ್ನು ಗಣಕಯಂತ್ರಗಳು ಬಂದ ಮೇಲೆ ಗಣಿತಜ್ಞರು ವಿಚಾರಿಸಿದ್ದಾರೆ. ಒಂಬತ್ತೊಂಬತ್ತು ಕಾಯಿಗಳಿಂದ ೨೪ ಮನೆಗಳ ಪಟದಲ್ಲಿ ಆಡುವ ಸಾಲುಮನೆ ಆಟದಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲಲಾರರೆಂದು ರಾಲ್ಫ್ ಗ್ಯಾಸರ್ ೧೯೯೩ರಲ್ಲಿ ಸಾಧಿಸಿದನು. ಹುಲಿ–ಕುರಿಯ ಹತ್ತಿರದ ದಾಯಾದಿಯಾಗಿ ನೇಪಾಳದಲ್ಲಿ ಪ್ರಚಾರದಲ್ಲಿರುವ ಬಾಘ್‌ಚಾಲ್ ಆಟದಲ್ಲಿ ೨೫ ಮನೆಗಳು, ನಾಲ್ಕು ಹುಲಿಗಳು, ಇಪ್ಪತ್ತು ಆಡುಗಳು. ಅದರ ಫಲವೂ ಸಮವೆಂದು ಲಿಮ್ ಯೂ ಜಿನ್ ೨೦೦೭ರಲ್ಲಿ ತೋರಿಸಿದನು. ಬಲವೂ ಸಂಖ್ಯೆಯೂ ಇಷ್ಟು ಬೇರೆಯಾಗಿದ್ದರೂ ತಕ್ಕಡಿ ಸರಿದೂಗುವಂತೆ ನಿಯಮಗಳನ್ನು ಹೊಂದಿಸಿದವರು ಹೆಸರಿಲ್ಲದ ಜನಸಾಮಾನ್ಯರು. ಗಣಿತದ ಪರೀಕ್ಷೆಗೆ ನೂರಾರು ವರುಷಗಳ ಆಟದ ಪರೀಕ್ಷೆಯೇ ಅವರಿಗೆ ಬದಲಾಗಿದ್ದಿರಬೇಕು. ಆದರೆ ಆ ನಿರ್ಣಯವನ್ನು ನಮ್ಮ ೨೩ ಮನೆಗಳ ಪಟಕ್ಕೆ ಹಾಗೆಯೇ ಅನ್ವಯಿಸಬಾರದು. ಪಟ ಬೇರೆಯಾದರೆ ಆಟವೂ ಬೇರೆ.

೪. ದ್ಯೂತವೂ ಆಟವೂ

ಇಷ್ಟು ಬುದ್ಧಿಯ ಕೆಲಸವಿರುವ ಆಟಕ್ಕೆ ಕನ್ನಡದ ಹಳೆಯ ಸಾಹಿತ್ಯದಲ್ಲಿ ಏಕೆ ಪ್ರಸಿದ್ಧಿಯಿಲ್ಲ? ದಾಳದ ಆಟಕ್ಕಾದರೋ ಪ್ರಸಿದ್ಧಿಯ ಕೊರತೆಯಿಲ್ಲ. ೯೪೧ರ ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಕುಮಾರವ್ಯಾಸನ ಭಾರತದಲ್ಲಿಯೂ ದ್ಯೂತವೇ ಕಥೆಯ ತಿರುವು. ಕರ್ಣನೂ ಭಾನುಮತಿಯೂ ನೆತ್ತವಾಡಿದ ಪಂಪನ ಪ್ರಸಂಗವನ್ನು ಅರಿಯದ ಸಾಹಿತ್ಯದ ಅಧ್ಯಾಪಕರಿಲ್ಲ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ದಾಳದಲ್ಲಿ ದೈವದ ಕೈವಾಡವಿದೆ, ಪಣದಲ್ಲಿ ರಾಜ್ಯವೂ ಮಾನವೂ ಇದೆ; ಮನುಷ್ಯಪ್ರಯತ್ನಕ್ಕೆ ಮೀರಿದುದೊಂದು ಕ್ಷಣಾರ್ಧದಲ್ಲಿ ಬಾಳನ್ನು ತಲೆಕೆಳಗು ಮಾಡುತ್ತದೆ. ಕಾವ್ಯಕ್ಕೆ ಬೇಕಾದುದೂ ಅದೇ. ಇಬ್ಬರು ಮೌನವಾಗಿ ಕುಳಿತು ಹರಳುಗಳನ್ನು ಸರಿಸುವುದರಲ್ಲಿ ಕವಿಗೆ ರಸ ಸಿಕ್ಕುವುದು ದುರ್ಲಭ.

ಧರ್ಮಶಾಸ್ತ್ರದ ದೃಷ್ಟಿಯೂ ಪಣದ ಮೇಲೆಯೇ ನೆಟ್ಟಿತ್ತು. ತಿಂಥಣಿಯಿಂದ ಉತ್ತರಕ್ಕಿರುವ ಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದಾಗ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (೧೦೭೬–೧೧೨೬) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆ ಸ್ಮೃತಿಯಲ್ಲಿ ದ್ಯೂತಸಮಾಹ್ವಯವೆಂಬ ಪ್ರಕರಣವೊಂದುಂಟು. ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಪಣವಿಟ್ಟು ಆಡುವುದು ದ್ಯೂತ. ಕೋಳಿ, ಟಗರು ಮೊದಲಾದ ಪ್ರಾಣಿಗಳನ್ನು ಕಾದಾಡಿಸಿ ಪಣ ಕಟ್ಟುವುದು ಸಮಾಹ್ವಯ. ಜೂಜಿನ ಮನೆಯನ್ನು ನಡೆಯಿಸುವ ಸಭಿಕನ ಪಾಲೆಷ್ಟು, ಅರಸನ ಪಾಲೆಷ್ಟು ಎಂಬುದೇ ಅಲ್ಲಿನ ವಿಚಾರ. ಪಣವಿಲ್ಲದ ಆಟದಿಂದ ವ್ಯಾಜ್ಯ ಹುಟ್ಟದು, ಅರಸನಿಗೆ ಆದಾಯವೂ ಹುಟ್ಟದು. ಆದುದರಿಂದ ಶಾಸ್ತ್ರವು ಅದರ ಗೊಡವೆಗೆ ಹೋಗಲಿಲ್ಲ.

ರಾಜಸಭೆಯ ವಿನೋದಗಳನ್ನು ಬರೆದಿಟ್ಟವರು ಇಲ್ಲದಿಲ್ಲ. ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಕೊನೆಯ ವಿಂಶತಿಯನ್ನು ಕ್ರೀಡೆಗಳಿಗೇ ಮೀಸಲಿಟ್ಟಿದ್ದಾನೆ. ಚತುರಂಗವೂ ಪಾಶಕವೂ ಅಲ್ಲಿ ವರ್ಣಿತವಾಗಿವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯ ಒಂಬತ್ತನೆಯ ಭಾಗವಾದ ಕೌತುಕನಿಧಿಯು ಆಟಗಳಿಗೆ ಸಂಬಂಧಿಸಿದುದು. ಇವು ಅಮೂಲ್ಯವಾದ ಗ್ರಂಥಗಳು. ಆದರೂ ಇವುಗಳ ನೋಟ ಅರಮನೆಯ ಕಿಟಕಿಯಿಂದ ಬಿದ್ದ ನೋಟ. ಕುರಿ ಕಾಯುವವನ ಬಂಡೆಯ ಮೇಲಣ ಆಟವನ್ನು ಬರೆದಿಡುವ ಭಾರ ಅವುಗಳದಾಗಿರಲಿಲ್ಲ.

ಹೆಸರುಗಳ ವಿಚಾರವು ಇಲ್ಲಿ ಪ್ರಸ್ತುತವಾಗುತ್ತದೆ. ದ್ಯೂತವೆಂಬ ಸಂಸ್ಕೃತ ಪದದಿಂದ ಕನ್ನಡದಲ್ಲಿ ಜೂದು, ಜೂಜು ಎಂಬ ತದ್ಭವಗಳು ಬಂದಿವೆ. ತೆಲುಗಿನ ಜೂದಮು ಇದೇ ಮೂಲದ್ದು. ತೆಲುಗರು ಹುಲಿ–ಕುರಿಯನ್ನು ಪುಲಿ–ಮೇಕ ಎಂದು ಕರೆಯುವುದರ ಜೊತೆಗೆ ಪುಲಿಜೂದಮು ಎಂದೂ ಕರೆಯುತ್ತಾರೆ. ದಾಳವಾಗಲಿ ಪಣವಾಗಲಿ ಇಲ್ಲದ ಆಟಕ್ಕೆ ಜೂಜಿನ ಹೆಸರು ಅಂಟಿಕೊಂಡಿರುವುದು ಆ ಪದದ ಅರ್ಥವು ಅಗಲವಾದುದಕ್ಕೆ ನಿದರ್ಶನ. ಕನ್ನಡದಲ್ಲಿ ಹುಲಿ–ಕುರಿ ಆಟ, ಆಡು–ಹುಲಿ ಆಟ ಎಂಬ ಹೆಸರುಗಳಲ್ಲಿ ಜೂಜಿನ ಸೋಂಕಿಲ್ಲ; ಅದು ಬರಿಯ ಆಟ. ತಮಿಳಿನ ಆಡು ಪುಲಿ ಆಟ್ಟಂ ಎಂಬುದೂ ಇದೇ ಜಾಡಿನಲ್ಲಿದೆ. ಇನ್ನೊಂದು ಅಂಶ: ಎಲ್ಲ ನುಡಿಗಳಲ್ಲಿಯೂ ಹುಲಿಯು ಹುಲಿಯ ಹೆಸರಿನಿಂದಲೇ ನಿಂತಿದೆ, ಅದರ ಎದುರಾಳಿ ಮಾತ್ರ ಒಂದೆಡೆ ಆಡು, ಒಂದೆಡೆ ಕುರಿ, ಒಂದೆಡೆ ಮೇಕೆ. ಜನರು ತಾವು ಸಾಕಿದ ಪ್ರಾಣಿಯನ್ನು ಪಟದ ಮೇಲೆ ನಿಲ್ಲಿಸಿಕೊಂಡರೆಂದು ಊಹಿಸಬಹುದು. ಕುರಿಯ ಹಿಂಡುಗಳು ತಿರುಗುವ ಸುರಪುರ–ಶಹಾಪುರದ ಬಯಲಿನಲ್ಲಿ ಯಾವ ಹೆಸರು ಯಾವ ಊರಿನಲ್ಲಿ ನಿಲ್ಲುತ್ತದೆ, ಎಲ್ಲಿ ತೆಲುಗಿನ ಹೆಸರಿಗೆ ಎಡೆಗೊಡುತ್ತದೆ ಎಂಬುದನ್ನು ಊರೂರು ಗುರುತಿಸಿದರೆ ಭಾಷಾಶಾಸ್ತ್ರಕ್ಕೆ ಅದೊಂದು ಒಳ್ಳೆಯ ನಕ್ಷೆಯಾದೀತು.

೫. ಕಲ್ಲಿನ ಸಾಕ್ಷ್ಯ

ಗ್ರಂಥಗಳು ಮೌನವಾಗಿರುವಾಗ ಕಲ್ಲು ಮಾತಾಡುತ್ತದೆ. ಆದರೆ ಅದರ ಮಾತನ್ನು ತಪ್ಪಾಗಿ ಕೇಳಿಸಿಕೊಳ್ಳುವುದು ಬಹು ಸುಲಭ. ಕರ್ಣಾಟಕದ ಹಳೆಯ ದೇವಾಲಯಗಳ ಜಗಲಿಗಳ ಮೇಲೆ, ಮಂಟಪಗಳ ನೆಲದ ಮೇಲೆ ಆಟದ ಪಟಗಳನ್ನು ಕೊರೆದಿರುವುದುಂಟು. ಹಂಪೆಯ ಅವಶೇಷಗಳಲ್ಲಿ ಇವು ಹೇರಳವಾಗಿರುವುದರಿಂದ ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಎಂಬ ವಿದ್ವಾಂಸರು ಅವನ್ನು ಕುರಿತು ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿದ್ದಾರೆ. ಇಂಥ ಪಟವನ್ನು ಕಂಡೊಡನೆ, ದೇವಾಲಯ ಯಾವ ಕಾಲದ್ದೋ ಪಟವೂ ಆ ಕಾಲದ್ದೇ ಎಂದು ಹೇಳಿಬಿಡುವ ಪ್ರವೃತ್ತಿಯೊಂದುಂಟು. ಇದು ಸರಿಯಾದ ಕ್ರಮವಲ್ಲ.

ಕಟ್ಟಡದ ಕಾಲವು ಪಟದ ಪೂರ್ವಾವಧಿಯನ್ನು ಮಾತ್ರ ತಿಳಿಸುತ್ತದೆ. ನೆಲ ಹಾಸಿದ ಮೇಲೆ ಯಾವಾಗ ಬೇಕಾದರೂ ಗೆರೆ ಕೊರೆಯಬಹುದು. ವಿಜಯನಗರವು ೧೫೬೫ರಲ್ಲಿ ಹಾಳಾಯಿತು. ಆ ಮೇಲಿನ ಶತಮಾನಗಳಲ್ಲಿಯೂ ಅಲ್ಲಿ ದನ ಕಾಯುವವರೂ ದಾರಿಹೋಕರೂ ನೆರಳಿಗೆ ಕುಳಿತವರೇ. ಈಜಿಪ್ಟಿನ ಕುರ್ನಾ ದೇವಾಲಯದ ಚಾವಣಿಯ ಕಲ್ಲುಗಳ ಮೇಲಿನ ಸಾಲುಮನೆಯ ಪಟವನ್ನು ಹೆನ್ರಿ ಪಾರ್ಕರನು ೧೯೦೯ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ದೇವಾಲಯದಷ್ಟೇ, ಎಂದರೆ ಕ್ರಿಸ್ತಪೂರ್ವ ಹದಿನಾಲ್ಕನೆಯ ಶತಮಾನದಷ್ಟು, ಪುರಾತನವೆಂದು ಎಣಿಸಿದನು. ಆ ಮಾತನ್ನು ಬಹುಕಾಲ ಎಲ್ಲರೂ ಉದ್ಧರಿಸುತ್ತ ಬಂದರು. ಅದೇ ಕಲ್ಲುಗಳ ಮೇಲೆ ಕ್ರೈಸ್ತರು ಕೊರೆದ ಶಿಲುಬೆಗಳೂ ಇವೆಯೆಂದು ತರುವಾಯ ಗಮನಕ್ಕೆ ಬಂದಿತು. ಶಿಲುಬೆಯನ್ನು ಕೊರೆದ ಕೈಗಳಿಗೆ ಪಟವನ್ನು ಕೊರೆಯುವುದೂ ಸಾಧ್ಯವಿತ್ತು. ಪಟದ ಪ್ರಾಚೀನತೆಯ ವಾದವು ಅಲ್ಲಿಗೆ ಸಡಿಲವಾಯಿತು. ಕನ್ನಡ ನಾಡಿನ ಶೋಧಕರಿಗೆ ಇದು ಒಳ್ಳೆಯ ಎಚ್ಚರಿಕೆ.

ಹಾಗಾದರೆ ಪಟದಿಂದ ಕಾಲನಿರ್ಣಯ ಅಸಾಧ್ಯವೇ? ಕೆಲವು ಸಂದರ್ಭಗಳಲ್ಲಿ ಸಾಧ್ಯ. ಪಟದ ಒಂದು ಭಾಗವು ಆಮೇಲೆ ಕಟ್ಟಿದ ಗೋಡೆಯ ಅಡಿಗೋ ಕಂಬದ ಅಡಿಗೋ ಹೋಗಿದ್ದರೆ ಪಟವು ಆ ಗೋಡೆಗಿಂತ ಹಳೆಯದು. ಪಟವಿರುವ ಕಲ್ಲನ್ನು ಕಿತ್ತು ಬೇರೆಡೆ ನೆಟ್ಟಗೆ ನಿಲ್ಲಿಸಿದ್ದರೆ, ನಿಂತ ಕಲ್ಲಿನ ಮೇಲೆ ಕಾಯಿ ನಿಲ್ಲಲಾರದಾದ್ದರಿಂದ, ಪಟವು ಆ ಮರುಬಳಕೆಗಿಂತ ಹಿಂದಿನದು. ಪಟದ ಗೆರೆಗಳನ್ನು ಶಾಸನದ ಅಕ್ಷರಗಳು ಕಡಿದು ಹೋಗಿದ್ದರೆ, ಅಥವಾ ಅಕ್ಷರಗಳನ್ನು ಗೆರೆಗಳು ಕಡಿದಿದ್ದರೆ, ಯಾವುದು ಮೊದಲೆಂಬುದು ತಾನಾಗಿಯೇ ತಿಳಿಯುತ್ತದೆ. ಇಂಥ ಆಧಾರವಿಲ್ಲದೆಡೆ ಕಾಲವನ್ನು ಹೇಳದಿರುವುದೇ ಪಾಂಡಿತ್ಯ.

ಗೆರೆಯ ಗುಣವೂ ಪರೀಕ್ಷಿಸತಕ್ಕುದು. ಸುರಪುರದ ಸುತ್ತಿನ ಬೆಟ್ಟಗಳ ಕಲ್ಲು ಬೆಣಚುಗಲ್ಲಿನ ಜಾತಿಯ ಕಠಿನವಾದ ಕಲ್ಲು. ಅದರಲ್ಲಿ ನೇರವಾದ ಗೆರೆ ಮೂಡಬೇಕಾದರೆ ಉಳಿಯೂ ಸುತ್ತಿಗೆಯೂ ಪಳಗಿದ ಕೈಯೂ ಬೇಕು. ಕಲಬುರಗಿ ಜಿಲ್ಲೆಯ ಶಹಾಬಾದಿನಿಂದ ಬರುವ ಫರಸಿ ಕಲ್ಲು ಸುಣ್ಣಕಲ್ಲಿನ ಜಾತಿಯದಾಗಿ ಮೆತುವಾದುದು; ಅದರ ಮೇಲೆ ಹುಡುಗನೊಬ್ಬನು ಮೊಳೆಯಿಂದಲೇ ಪಟ ಗೀಚಬಹುದು. ಆದುದರಿಂದ ಕಠಿನಶಿಲೆಯ ಮೇಲೆ ಸಮಪ್ರಮಾಣವಾಗಿ ಕೊರೆದ ಪಟವು ಕಲ್ಲುಕುಟಿಗನ ಬಿಡುವಿನ ಕೆಲಸವೆಂದು ಹೇಳಲು ಎಡೆಯಿದೆ. ಫರಸಿಯ ಮೇಲಣ ಗೀರಿನಿಂದ ಅಂಥ ಅನುಮಾನವನ್ನು ಮಾಡಲಾಗದು. ಶಿಲ್ಪಿಗಳೂ ಕಮ್ಮಾರರೂ ಬಡಗಿಗಳೂ ಪೂಜಿಸುವ ಮೌನೇಶ್ವರನ ಸೀಮೆಯಲ್ಲಿ ಈ ಭೇದವನ್ನು ಗುರುತಿಸಬಲ್ಲ ಕಣ್ಣುಗಳಿಗೆ ಕೊರತೆಯಿರಲಾರದು.

೬. ಹುಲಿಯ ಸೋಲಿನ ಮೂರು ಬಗೆ

ಆಟವು ಸಾಹಿತ್ಯವಲ್ಲವಾದರೂ ಸಾಹಿತ್ಯದ ವಿದ್ಯಾರ್ಥಿಗೆ ಅದರಲ್ಲಿ ಚಿಂತಿಸತಕ್ಕ ಅಂಶವಿದೆ. ಕನ್ನಡಿಗರ ಕಲ್ಪನೆಯಲ್ಲಿ ಹುಲಿಯು ನಾನಾ ಕಡೆ ಸೋಲುತ್ತದೆ. ಹೊಯ್ಸಳರ ಲಾಂಛನದಲ್ಲಿ ಅದನ್ನು ಸೋಲಿಸುವವನು ಸಳನೆಂಬ ಒಬ್ಬ ವೀರ. ಹುಲಿಯೊಡನೆ ಹೋರಾಡಿದವರ ವೀರಗಲ್ಲುಗಳೂ ಇದೇ ಭಾವವನ್ನು ಸಾರುತ್ತವೆ. ಗೋವಿನ ಹಾಡಿನಲ್ಲಿ ಹುಲಿಯನ್ನು ಸೋಲಿಸುವುದು ಪುಣ್ಯಕೋಟಿಯ ಸತ್ಯ. ಅಲ್ಲಿ ಆಯುಧವಿಲ್ಲ, ಪಶ್ಚಾತ್ತಾಪವೇ ಹುಲಿಯ ಮರಣಕ್ಕೆ ಕಾರಣ.

ಹುಲಿ–ಕುರಿಯ ಪಟದ ಮೇಲೆ ವೀರನಿಲ್ಲ. ಹುಲಿಗೆ ಹೃದಯಪರಿವರ್ತನೆಯೂ ಇಲ್ಲ. ಕೊನೆಯ ನಡೆಯವರೆಗೂ ಹುಲಿ ಹುಲಿಯೇ, ಕುರಿ ಕುರಿಯೇ. ಯಾವ ಕುರಿಯೂ ಇನ್ನೊಂದಕ್ಕಿಂತ ದೊಡ್ಡದಲ್ಲ, ಯಾವುದಕ್ಕೂ ಹೆಸರಿಲ್ಲ. ಒಂದರ ಬೆನ್ನಿಗೆ ಒಂದು ನಿಂತು, ಕಂಡಿ ಬಿಡದೆ, ಸ್ವಲ್ಪ ಸ್ವಲ್ಪವಾಗಿ ಮುಂದೆ ಸರಿದು, ಹುಲಿಗೆ ಕಾಲೂರಲು ನೆಲವಿಲ್ಲದಂತೆ ಮಾಡುವುದೇ ಇಲ್ಲಿನ ಜಯ. ಹುಲಿ ಸಾಯುವುದೂ ಇಲ್ಲ, ಕಟ್ಟುಬೀಳುತ್ತದೆ, ಅಷ್ಟೆ. ಅರಸರ ಲಾಂಛನವೂ ಗೊಲ್ಲರ ಕಥೆಯ ಹಾಡೂ ಹೇಳದ ಮೂರನೆಯ ಮಾತೊಂದನ್ನು ಈ ಪಟವು ಹೇಳುತ್ತದೆ. ಆ ಮಾತು ಗ್ರಂಥಸ್ಥವಾಗದೆ ಹರಳುಗಳ ಮೂಲಕವೇ ತಲೆಯಿಂದ ತಲೆಗೆ ಇಳಿದು ಬಂದಿದೆ. ಎದುರು ಕುಳಿತವನೂ ಅಷ್ಟೇ ಜಾಣನಾಗಿದ್ದರೆ ಹುಲಿಯೇ ಗೆಲ್ಲಬಹುದೆಂಬುದನ್ನೂ ಅದು ಮರೆಮಾಡುವುದಿಲ್ಲ. ಆದುದರಿಂದ ಇದನ್ನು ಬರಿಯ ನೀತಿಪಾಠವೆಂದು ತಿಳಿಯಲಾಗದು.

೭. ಉಪಸಂಹಾರ

ಹುಲಿ–ಕುರಿಯ ಎರಡು ಸಾಕ್ಷಿಗಳೂ ಈಗ ಅಪಾಯದಲ್ಲಿವೆ. ಗುಡಿಗಳ ಜೀರ್ಣೋದ್ಧಾರದಲ್ಲಿ ಹಳೆಯ ಹಾಸುಗಲ್ಲುಗಳನ್ನು ತೆಗೆದು ನುಣುಪಾದ ಹೊಸ ಕಲ್ಲನ್ನು ಹಾಸಿದರೆ, ಪಟವೂ ಅದರ ಸವೆತದಲ್ಲಿದ್ದ ಚರಿತ್ರೆಯೂ ಒಂದೇ ದಿನದಲ್ಲಿ ಹೋಗುತ್ತವೆ. ಆಟವನ್ನು ಬಿಟ್ಟ ಊರಿನಲ್ಲಿ ಮಾತೂ ಉಳಿಯುವುದಿಲ್ಲ. ಹುಲಿ ಕಟ್ಟುಬಿದ್ದುದಕ್ಕೆ, ಬಿಡಿಯಾಗಿ ನಿಂತ ಕುರಿಗೆ, ಬೇಕೆಂದು ಒಡ್ಡಿದ ಕುರಿಗೆ ಒಂದೊಂದು ಊರಿನವರು ಏನೆನ್ನುತ್ತಾರೆಂಬುದನ್ನು ನಿಘಂಟುಕಾರರು ಊಹೆಯಿಂದ ತುಂಬಿಸಲಾರರು. ಆಡುವವರ ಪಕ್ಕದಲ್ಲಿ ಕುಳಿತು ಕೇಳಿದವರೇ ಅದನ್ನು ಬರೆದಿಡಬಲ್ಲರು.

ಈ ಕೆಲಸಕ್ಕೆ ದೊಡ್ಡ ಸಂಸ್ಥೆಯಾಗಲಿ ಹಣವಾಗಲಿ ಬೇಕಾಗಿಲ್ಲ. ಊರಿನ ಶಾಲೆಯ ಅಧ್ಯಾಪಕನು ವಿದ್ಯಾರ್ಥಿಗಳೊಡನೆ ಒಂದು ದಿನ ಕಟ್ಟೆಗಳನ್ನೂ ಮಂಟಪಗಳನ್ನೂ ಸುತ್ತಿ, ಕಂಡ ಪಟದ ಗೆರೆಗಳನ್ನು ಎಣಿಸಿ, ಅಳತೆ ತೆಗೆದು, ಕಲ್ಲಿನ ಜಾತಿಯನ್ನೂ ಅದು ಹಾಸಿದ್ದೋ ನಿಂತದ್ದೋ ಎಂಬುದನ್ನೂ ಬರೆದುಕೊಂಡರೆ ಕೆಲಸದ ಅರ್ಧ ಮುಗಿಯಿತು. ಹುಲಿಗಳೆಷ್ಟು, ಕುರಿಗಳೆಷ್ಟು, ಮೊದಲು ಎಲ್ಲಿ ನಿಲ್ಲುತ್ತವೆ, ಎಷ್ಟು ಕುರಿ ಅಳಿದರೆ ಹುಲಿಗೆ ಜಯ, ಯಾವ ನಡೆಗೆ ಯಾವ ಮಾತು ಎಂಬುದನ್ನು ಮುದುಕರಿಂದ ಕೇಳಿ, ಅವರು ಆಡಿದ ಉಚ್ಚಾರದಲ್ಲಿಯೇ ಬರೆದುಕೊಂಡರೆ ಉಳಿದರ್ಧವೂ ಮುಗಿಯಿತು. ತಿಂಥಣಿಯಂಥ ಕ್ಷೇತ್ರದ ಜಾತ್ರೆಯಲ್ಲಿ ಹಲವು ಊರುಗಳವರು ಒಂದೆಡೆ ಸಿಕ್ಕುವುದರಿಂದ, ಬೇರೆಡೆ ತಿಂಗಳುಗಟ್ಟಲೆ ಅಲೆದು ಕೂಡಿಸಬೇಕಾದುದನ್ನು ಅಲ್ಲಿ ಎರಡು ಮೂರು ದಿನಗಳಲ್ಲಿ ಕೂಡಿಸಬಹುದು. ಹಾಗೆ ಕೇಳಹೊರಟವರು ಹರಳುಗಳನ್ನು ಜೊತೆಯಲ್ಲಿ ಕೊಂಡೊಯ್ಯುವುದು ಲೇಸು. ನಿಯಮವನ್ನು ಬಾಯಲ್ಲಿ ಹೇಳಲು ತಡವರಿಸುವ ಮುದುಕನೂ ಪಟದ ಮುಂದೆ ಕುಳಿತರೆ ಮೊದಲ ಕುರಿಯನ್ನು ಎಲ್ಲಿಡಬೇಕೆಂಬುದನ್ನು ಮರೆತಿರುವುದಿಲ್ಲ.